ಮಠವನ್ನು ಮನೆಯಾಗಿ ಮಾಡಿದ ಕಥರೀನಮ್ಮ

ಮಾರ್ಟಿನ್ ಲೂಥರನ ಹೆಸರನ್ನು ನಮ್ಮ ಸಭೆಗಳಲ್ಲಿ ಕೇಳದವರು ಅಪರೂಪ. ಆತನು ಸಭೆಯ ದುರಾಚಾರಗಳನ್ನು ಖಂಡಿಸಿದ್ದನ್ನೂ, ಸತ್ಯವೇದವನ್ನು ಜರ್ಮನ್ ಭಾಷೆಗೆ ತಿರುಗಿಸಿದ್ದನ್ನೂ ಭಾನುವಾರ ಶಾಲೆಯ ಮಕ್ಕಳು ಸಹ ಬಲ್ಲರು. ಆದರೆ ಆತನು ತನ್ನ ಆಯುಷ್ಯದ ಕಡೆಯ ಇಪ್ಪತ್ತು ವರುಷಗಳನ್ನು ಯಾವ ಮನೆಯಲ್ಲಿ ಕಳೆದನು, ಆ ಮನೆಯನ್ನು ವಾಸಕ್ಕೆ ಯೋಗ್ಯವಾಗಿ ಮಾಡಿದವರು ಯಾರು ಎಂಬದನ್ನು ವಿಚಾರಿಸುವವರು ಕೊಂಚವೇ. ನಮ್ಮಲ್ಲಿ ಕೆಲವರು ಮನೆಯ ಅಂದಚಂದವನ್ನು ಕುರಿತು ಯೋಚಿಸುವದು ಲೋಕದವರ ಕೆಲಸವೆಂದು ಎಣಿಸುತ್ತಾರೆ. ಇನ್ನು ಕೆಲವರು ಅದು ಹಣವುಳ್ಳವರಿಗೆ ಮಾತ್ರ ಸಲ್ಲತಕ್ಕದ್ದೆಂದು ಹೇಳಿ ಸುಮ್ಮನಾಗುತ್ತಾರೆ. ಈ ಎರಡು ಎಣಿಕೆಗಳಿಗೂ ತಕ್ಕ ಉತ್ತರವು ಲೂಥರನ ಹೆಂಡತಿಯಾದ ಕಥರೀನಾ ಫಾನ್ ಬೋರಾ ಎಂಬಾಕೆಯ ಚರಿತ್ರೆಯಲ್ಲಿ ಇರುವದರಿಂದ, ಅದನ್ನು ಈ ತಿಂಗಳಲ್ಲಿ ನಮ್ಮ ವಾಚಕರ ಮುಂದೆ ಇಡುತ್ತೇವೆ.

ಕಥರೀನಳು 1499ನೆಯ ಇಸವಿ ಜನವರಿ ತಿಂಗಳ 29ನೆಯ ತಾರೀಖಿನಲ್ಲಿ ಜರ್ಮನಿ ದೇಶದ ಸಾಕ್ಸನಿ ಸೀಮೆಯಲ್ಲಿ ಹುಟ್ಟಿದಳು. ಆಕೆಯ ತಂದೆಯು ಕುಲೀನನಾದರೂ ಸ್ಥಿತಿವಂತನಲ್ಲ. ತಾಯಿಯು ಬೇಗನೆ ತೀರಿಹೋದದರಿಂದ, ಮಗುವು ಇನ್ನೂ ಐದಾರು ವರುಷದವಳಾಗಿರುವಾಗಲೇ ಆಕೆಯನ್ನು ಬ್ರೇನಾ ಎಂಬಲ್ಲಿಯ ಮಠದ ಶಾಲೆಗೆ ಕಳುಹಿಸಿದರು. ಅಲ್ಲಿಂದ ಹತ್ತು ವರುಷದ ಪ್ರಾಯದೊಳಗೆ ಗ್ರಿಮ್ಮಾ ಪಟ್ಟಣದ ಸಮೀಪವಿರುವ ನಿಂಬ್‌ಶೆನ್ ಎಂಬ ಕನ್ಯಾಸ್ತ್ರೀಮಠಕ್ಕೆ ಸೇರಿಸಿದರು. ಹೀಗೆ ತನ್ನದೆಂದು ಹೇಳಿಕೊಳ್ಳುವದಕ್ಕೆ ಒಂದು ಮನೆಯೇ ಇಲ್ಲದೆ ಬೆಳೆದವಳು ಮುಂದೆ ಅನೇಕರಿಗೆ ಮನೆಯನ್ನು ಸಿದ್ಧಮಾಡುವವಳಾದಳು. ಇದು ದೇವರ ನಡಿಸುವಿಕೆಯಲ್ಲದೆ ಮತ್ತೇನು?

ಮಠದಲ್ಲಿ ಆಕೆಯು ಓದುಬರಹವನ್ನೂ, ಹಾಡುವದನ್ನೂ, ಸ್ವಲ್ಪ ಲಾಟಿನ್ ಭಾಷೆಯನ್ನೂ ಕಲಿತಳು. ಆಕೆಯ ಅತ್ತೆಯಾದ ಮಗ್ದಲೇನಳು ಅದೇ ಮಠದಲ್ಲಿ ರೋಗಿಗಳ ಆರೈಕೆ ಮಾಡುತ್ತಿದ್ದಳು. 1515ರಲ್ಲಿ ಕಥರೀನಳು ಮಠದ ಪ್ರತಿಜ್ಞೆಗಳನ್ನು ತೆಗೆದುಕೊಂಡಳು. ಆದರೆ ಎರಡು ವರುಷಗಳ ತರುವಾಯ ಲೂಥರನು ಎಬ್ಬಿಸಿದ ಮಾತು ಸಾಕ್ಸನಿಯ ಊರೂರುಗಳಿಗೆ ಹಬ್ಬಿ, ಆ ಎತ್ತರವಾದ ಗೋಡೆಗಳನ್ನೂ ದಾಟಿ ಒಳಗೆ ಬಂತು. ರಕ್ಷಣೆಯು ಮಠದ ಕ್ರಿಯೆಗಳಿಂದಲ್ಲ, ಕ್ರಿಸ್ತನಲ್ಲಿಡುವ ನಂಬಿಕೆಯಿಂದಲೇ ಎಂಬ ಉಪದೇಶವು ಕೆಲವು ಕನ್ಯಾಸ್ತ್ರೀಯರ ಹೃದಯಗಳನ್ನು ಮುಟ್ಟಿತು. ಅವರ ಬಂಧುಗಳು ಅವರನ್ನು ಮನೆಗೆ ಕರೆದುಕೊಳ್ಳಲು ಒಪ್ಪಲಿಲ್ಲ. ಆಗ ಅವರು ಲೂಥರನ ಸಹಾಯವನ್ನು ಕೋರಿದರು.

1523ರ ಈಸ್ಟರ್ ಹಬ್ಬದ ರಾತ್ರಿಯಲ್ಲಿ, ಟೋರ್ಗಾವ್ ಪಟ್ಟಣದ ಲೆಯೊನ್‌ಹಾರ್ಟ್ ಕೊಪ್ಪೆ ಎಂಬ ವರ್ತಕನು ತನ್ನ ಬಂಡಿಯಲ್ಲಿ ಹನ್ನೆರಡು ಮಂದಿ ಕನ್ಯಾಸ್ತ್ರೀಯರನ್ನು ಬಿಡಿಸಿಕೊಂಡು ಬಂದನು. ಅವರು ಮೀನಿನ ಪೀಪಾಯಿಗಳಲ್ಲಿ ಅಡಗಿಕೊಂಡು ಬಂದರೆಂಬ ಕಥೆಯನ್ನು ಜನರು ಇಂದಿಗೂ ಹೇಳುತ್ತಾರೆ. ಬಂಡಿಯಲ್ಲಿ ಬಂದರೆಂಬದಷ್ಟೇ ನಿಶ್ಚಯ. ಅವರಲ್ಲಿ ಒಂಬತ್ತು ಮಂದಿ ವಿಟೆನ್‌ಬೆರ್ಗ್ ಪಟ್ಟಣವನ್ನು ಸೇರಿದರು. ಲೂಥರನು ಅವರಿಗಾಗಿ ಮನೆಗಳನ್ನೂ ಗಂಡಂದಿರನ್ನೂ ಹುಡುಕುವ ಭಾರವನ್ನು ಹೊತ್ತನು. ಎಲ್ಲರಿಗೂ ಒಂದು ನೆಲೆಯಾಯಿತು, ಕಥರೀನಳಿಗೆ ಮಾತ್ರ ಆಗಲಿಲ್ಲ. ಆಕೆಯು ಚಿತ್ರಗಾರನಾದ ಲೂಕಾಸ್ ಕ್ರಾನಾಖನ ದೊಡ್ಡ ಮನೆಯಲ್ಲಿ ಕೆಲವು ಕಾಲ ಇದ್ದಳು. ಕೆಲಸದ ಆಳುಗಳು, ಶಿಷ್ಯರು, ಅತಿಥಿಗಳು ತುಂಬಿದ ಮನೆಯೊಂದು ಹೇಗೆ ನಡೆಯುತ್ತದೆಂಬದನ್ನು ಆಕೆಯು ಅಲ್ಲಿ ಕಣ್ಣಾರೆ ಕಂಡಳು. ಕಡೆಗೆ 1525ರ ಜೂನ್ 13ರಂದು ಲೂಥರನೇ ಆಕೆಯನ್ನು ಮದುವೆಯಾದನು. ಆತನಿಗೆ ಆಗ 41 ವರುಷ, ಆಕೆಗೆ 26.

ಮದುವೆಯಾದ ಮೇಲೆ ಆಕೆಯು ಕಾಲಿಟ್ಟದ್ದು ಎಂಥ ಮನೆಗೆ? ಅದು ಮನೆಯೇ ಅಲ್ಲ. ಅಗಸ್ತೀನನ ಪಂಗಡದ ಸನ್ಯಾಸಿಗಳಿಗಾಗಿ ಕಟ್ಟಿದ ಮೂರಂತಸ್ತಿನ ಮಠವದು. ಅಲ್ಲಿಯ ಸನ್ಯಾಸಿಗಳು ಕಪ್ಪು ನಿಲುವಂಗಿಯನ್ನು ಧರಿಸುತ್ತಿದ್ದದರಿಂದ ಅದಕ್ಕೆ ಕರೀಮಠವೆಂದು ಹೆಸರಾಗಿತ್ತು. ಸನ್ಯಾಸಿಗಳು ಒಬ್ಬೊಬ್ಬರಾಗಿ ಬಿಟ್ಟುಹೋಗಿ, ಲೂಥರನೂ ಮಠಾಧಿಪತಿಯೂ ಮಾತ್ರ ಉಳಿದಿದ್ದರು. ಲೂಥರನು ದಿನವೆಲ್ಲ ದುಡಿದು ಆಯಾಸದಿಂದ ಹಾಸಿಗೆಯ ಮೇಲೆ ಬೀಳುತ್ತಿದ್ದನು. ಒಂದು ವರುಷದ ತನಕ ಆ ಹಾಸಿಗೆಯನ್ನು ಕೊಡವಿ ಹಾಸುವವರಿಲ್ಲದೆ ಅದು ಬೆವರಿನಿಂದ ಕೊಳೆತುಹೋಗಿತ್ತೆಂದು ಆತನೇ ಮುಂದಿನ ಕಾಲದಲ್ಲಿ ಗೆಳೆಯರಿಗೆ ಹೇಳಿದನು. ಲೋಕವನ್ನೇ ಅಲುಗಾಡಿಸಿದ ಮನುಷ್ಯನಿಗೆ ರಾತ್ರಿ ಮಲಗುವದಕ್ಕೆ ಒಂದು ಶುಚಿಯಾದ ಹಾಸಿಗೆ ಇರಲಿಲ್ಲ!

ಆ ಕಟ್ಟಡವನ್ನು ಕಟ್ಟಿದ ಉದ್ದೇಶವನ್ನು ನಾವು ಮರೆಯಬಾರದು. ಹೆಂಡತಿ ಮಕ್ಕಳಿಲ್ಲದ ಗಂಡಸರು ಲೋಕದಿಂದ ಅಗಲಿ ಇರುವದಕ್ಕಾಗಿ ಅದು ಕಟ್ಟಲ್ಪಟ್ಟಿತ್ತು. ಅಲ್ಲಿ ತೊಟ್ಟಿಲು ಕಟ್ಟುವ ಸ್ಥಳವನ್ನು ಯಾರೂ ಯೋಚಿಸಿರಲಿಲ್ಲ. ಅಂಥ ಕಟ್ಟಡದಲ್ಲಿ ಕುಟುಂಬವು ಸಂತೋಷದಿಂದ ಬಾಳುವದೆಂದರೆ, ಮನೆವಾಳಿಕೆಯೂ ದೇವರ ಸೇವೆಯೇ ಎಂದು ಕಲ್ಲುಮಣ್ಣುಗಳ ಮೂಲಕ ಸಾರಿದ ಹಾಗಾಯಿತು. ಲೂಥರನು ಆ ಮಾತನ್ನು ಪ್ರಸಂಗಪೀಠದಲ್ಲಿ ಸಾರಿದನು. ಕಥರೀನಮ್ಮನು ಅದನ್ನು ಪೊರಕೆ, ಗುದ್ದಲಿ, ಬೀಗದ ಕೈಗಳಿಂದ ಸಾರಿದಳು.

ಆಕೆಯು ಏನು ಮಾಡಿದಳೆಂಬದನ್ನು ಒಂದೊಂದಾಗಿ ನೋಡೋಣ. ಮೊದಲು ನೀರು ಮತ್ತು ತೋಟ. ಮದುವೆಯಾದ ಮರುವರುಷವೇ, ಅಂದರೆ 1526ರಲ್ಲಿ, ಮಠದ ಹಿತ್ತಿಲಲ್ಲಿ ಒಂದು ತೋಟವನ್ನು ನೆಟ್ಟು ಬಾವಿಯನ್ನು ಕಟ್ಟಿಸಿದರು. ಲೂಥರನು ಇದರಿಂದ ಎಷ್ಟು ಸಂತೋಷಪಟ್ಟನೆಂದರೆ, ಗೆಳೆಯನಾದ ಸ್ಪಲಾಟಿನನಿಗೆ ಕಾಗದ ಬರೆದು, ಬಂದರೆ ಲಿಲ್ಲಿ ಗುಲಾಬಿ ಹೂಗಳ ಕಿರೀಟವನ್ನು ತೊಡಿಸುತ್ತೇನೆಂದು ಕರೆದನು. ದೂರದ ನ್ಯೂರೆನ್‌ಬೆರ್ಗ್ ಪಟ್ಟಣದ ಗೆಳೆಯನಿಂದ ಬೀಜಗಳನ್ನು ತರಿಸಿದನು. ಅದೇ ತೋಟದಿಂದ ಅಡಿಗೆಗೆ ಕಾಯಿಪಲ್ಯವೂ, ಮೇಜಿಗೆ ಹೂವೂ, ದಣಿದವರಿಗೆ ನೆರಳೂ ದೊರೆತವು. ಮುಂದೆ ಆಕೆಯು ಊರ ಹೊರಗಡೆ ಬೇರೆ ತೋಟಗಳನ್ನೂ ಕೊಳ್ಳುವಂತೆ ಮಾಡಿದಳು. ಅವುಗಳಲ್ಲಿ ಒಂದರೊಳಗೆ ಹಳ್ಳವು ಹರಿಯುತ್ತಿದ್ದದರಿಂದ ಮೀನುಗಳನ್ನು ಸಹ ಸಾಕಿದಳು. ಉಪಯೋಗವೂ ಸೊಗಸೂ ಬೇರೆಬೇರೆಯಲ್ಲ. ಹಿತ್ತಿಲು ಶುಚಿಯಾಗಿದ್ದರೆ ಹೊಟ್ಟೆಗೂ ಕಣ್ಣಿಗೂ ಏಕಕಾಲದಲ್ಲಿ ಊಟವಾಗುತ್ತದೆ.

ಎರಡನೆಯದು, ಮನೆಯ ಒಳಗಣ ಕಾರ್ಯ. ಆಕೆಯ ಕಾಲದಲ್ಲಿ ಕರೀಮಠದಲ್ಲಿ ನೆಲಮಾಳಿಗೆಗಳೂ, ಸ್ನಾನದ ಕೋಣೆಯೂ, ದನದ ಕೊಟ್ಟಿಗೆಯೂ, ಬಾರ್ಲಿ ಪಾನವನ್ನು ಕಾಯಿಸುವ ಮನೆಯೂ ಸಿದ್ಧವಾದವು. ಈ ಕಡೆಯದನ್ನು ಓದಿ ನಮ್ಮ ಸಹೋದರರು ಮುಗ್ಗರಿಸಬಾರದು. ಆ ದೇಶದ ಆ ಕಾಲದಲ್ಲಿ ಅದು ಮಕ್ಕಳು ಮುದುಕರೆನ್ನದೆ ಎಲ್ಲರ ದಿನದ ಪಾನವಾಗಿತ್ತು. ಕುಡಿತದಿಂದ ಎಷ್ಟೋ ಮನೆಗಳು ಹಾಳಾಗಿರುವದನ್ನು ಕಂಡಿರುವ ನಾವು ಅದನ್ನು ಅನುಸರಿಸಬೇಕಾಗಿಲ್ಲ. ನಾವು ಅನುಸರಿಸಬೇಕಾದದ್ದು ಆಕೆಯ ಮುಂದಾಲೋಚನೆಯನ್ನು. ಯಾವ ವಸ್ತು ಎಲ್ಲಿರಬೇಕು, ಕೊಳೆ ಎಲ್ಲಿಂದ ಹೊರಗೆ ಹೋಗಬೇಕು, ದನಕ್ಕೂ ಜನಕ್ಕೂ ನಡುವೆ ಎಷ್ಟು ದೂರವಿರಬೇಕು ಎಂಬದನ್ನು ಮೊದಲೇ ಗೊತ್ತುಮಾಡಿದ ಮನೆಯಲ್ಲಿ ದಿನದಿನದ ಜಗಳಗಳಲ್ಲಿ ಅರ್ಧವು ಹುಟ್ಟುವದೇ ಇಲ್ಲ.

ಮೂರನೆಯದು, ಎಲ್ಲರೂ ಕೂಡುವ ಕೋಣೆ. ಎರಡನೆಯ ಅಂತಸ್ತಿನಲ್ಲಿ ಒಂದು ಕೋಣೆಯ ಗೋಡೆಗಳಿಗೆ ಚಳಿಯನ್ನು ತಡೆಯುವಂತೆ ಮರದ ಹಲಗೆಗಳನ್ನು ಹೊದಿಸಿ, ಗೋಡೆಗುಂಟ ಬೆಂಚುಗಳನ್ನೂ, ಕಿಟಕಿಯ ಬಳಿಯಲ್ಲಿ ಬೆಳಕಿಗೆ ಕೂತು ಕೆಲಸಮಾಡುವ ಪೀಠವನ್ನೂ, ನಡುವೆ ದೊಡ್ಡ ಮೇಜನ್ನೂ ಇಟ್ಟರು. ಆ ಕೋಣೆಯು ಇಂದಿಗೂ ಇದೆ. ಆ ಕಟ್ಟಡವು ಈಗ ಲೂಥರನ ಸ್ಮಾರಕವಾದ ವಸ್ತುಸಂಗ್ರಹಾಲಯವಾಗಿದ್ದು, 1996ರಲ್ಲಿ ಲೋಕದ ಪಾರಂಪರಿಕ ಸ್ಥಾನಗಳ ಪಟ್ಟಿಗೆ ಸೇರಿತು. ಆ ಮೇಜಿನ ಸುತ್ತಲೂ ವಿದ್ಯಾರ್ಥಿಗಳೂ, ಪರದೇಶದ ಅತಿಥಿಗಳೂ, ಮಕ್ಕಳೂ ಕೂತು ಲೂಥರನ ಮಾತುಗಳನ್ನು ಕೇಳಿದರು. ಕೆಲವರು ಅವುಗಳನ್ನು ಬರೆದಿಟ್ಟುಕೊಂಡರು. ಅವು ಮುಂದೆ ಪುಸ್ತಕವಾಗಿ ಪ್ರಸಿದ್ಧವಾದವು. ಊಟವಾದ ಮೇಲೆ ಲೂಥರನು ತಂತಿವಾದ್ಯವನ್ನು ನುಡಿಸಿ ಎಲ್ಲರೂ ಹಾಡುತ್ತಿದ್ದರು. ಅಡಿಗೆ ಮಾಡಿ ಬಡಿಸಿ, ಕೋಣೆಯನ್ನು ಬೆಚ್ಚಗೆ ಇಟ್ಟವಳು ಇಲ್ಲದಿದ್ದರೆ ಆ ಮಾತುಗಳೂ ಹಾಡುಗಳೂ ಎಲ್ಲಿಂದ ಬರುತ್ತಿದ್ದವು?

ನಾಲ್ಕನೆಯದು, ಬಾಗಿಲು. ಕಥರೀನಮ್ಮನ ಇಚ್ಛೆಯಂತೆ ಲೂಥರನು 1539ರಲ್ಲಿ ಪಿರ್ನಾ ಪಟ್ಟಣದಲ್ಲಿದ್ದ ಪಾದ್ರಿಯೊಬ್ಬನಿಗೆ ಬರೆದು ಮನೆಯ ಮುಂಬಾಗಿಲಿಗಾಗಿ ಕಲ್ಲಿನ ಚೌಕಟ್ಟನ್ನು ಕೇಳಿದನು. ಮರುವರುಷ ಅಂದರೆ 1540ರಲ್ಲಿ ಅದನ್ನು ನಿಲ್ಲಿಸಿದರು. ಅದರ ಒಂದು ಕಡೆಯಲ್ಲಿ ಲೂಥರನ ಮುಖವನ್ನೂ, ಮತ್ತೊಂದು ಕಡೆಯಲ್ಲಿ ಆತನ ಗುರುತಾದ ಗುಲಾಬಿಯನ್ನೂ ಕೆತ್ತಿದ್ದಾರೆ. ಆದರೆ ನಮ್ಮ ಮನಸ್ಸನ್ನು ಸೆಳೆಯುವದು ಕೆತ್ತನೆಯಲ್ಲ. ಬಾಗಿಲಿನ ಎರಡು ಪಕ್ಕಗಳಲ್ಲಿಯೂ ಒಂದೊಂದು ಕಲ್ಲಿನ ಪೀಠವನ್ನು ಮಾಡಿದ್ದಾರೆ. ದೂರದಿಂದ ನಡೆದು ಬಂದವನು ಬಾಗಿಲು ತೆರೆಯುವ ಮೊದಲೇ ಅಲ್ಲಿ ಕೂತುಕೊಳ್ಳಬಹುದು. ಸಂಜೆಯಲ್ಲಿ ಗಂಡಹೆಂಡರು ಎದುರೆದುರಾಗಿ ಕೂತು ಬೀದಿಯವರನ್ನು ಮಾತಾಡಿಸಬಹುದು. ನಮ್ಮ ಹಳ್ಳಿಯ ಜಗಲಿಯನ್ನು ಬಲ್ಲವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗಲಿಯುಳ್ಳ ಮನೆಯು ಬಾಯಿ ತೆರೆಯದೆಯೇ ಬನ್ನಿ ಎನ್ನುತ್ತದೆ. ಆ ಜಗಲಿಯ ಮೇಲೆ ಸೌದೆಯನ್ನೂ ಮುರುಕು ಸಾಮಾನುಗಳನ್ನೂ ಒಟ್ಟಿದರೆ ಬರುವವನು ಮತ್ತೇನನ್ನು ತಿಳಿದುಕೊಂಡಾನು?

ಇಷ್ಟೆಲ್ಲ ಮಾಡುವದಕ್ಕೆ ಹಣವೆಲ್ಲಿತ್ತೆಂದು ವಾಚಕರು ಕೇಳಬಹುದು. ಲೂಥರನಿಗೆ ಅರಸನಿಂದ ವರುಷಕ್ಕೆ 200 ಗುಲ್ದೆನ್ ಸಂಬಳವು ಗೊತ್ತಾಗಿತ್ತು. ತನ್ನ ಪುಸ್ತಕಗಳಿಗೆ ಆತನು ಹಣವನ್ನು ತೆಗೆದುಕೊಳ್ಳುತ್ತಿರಲಿಲ್ಲ. ಕೇಳಿದವರಿಗೆ ಇಲ್ಲವೆನ್ನುವದು ಆತನಿಗೆ ತಿಳಿಯದು. ಕೈಯಲ್ಲಿ ಕಾಸಿಲ್ಲದಾಗ ಬೆಳ್ಳಿಯ ಪಾತ್ರೆಯನ್ನಾದರೂ ಕೊಟ್ಟುಬಿಡುವನು. ಆದಕಾರಣ ಲೆಕ್ಕವು ಕಥರೀನಮ್ಮನ ಪಾಲಿಗೆ ಬಂತು. ಆಕೆಯು ಬೇಸಿಗೆಯಲ್ಲಿ ಬೆಳಗಿನ ನಾಲ್ಕು ಗಂಟೆಗೇ ಏಳುವಳು. ಹಂದಿ, ಹಸು, ಕೋಳಿ, ಬಾತುಗಳನ್ನು ಸಾಕಿದಳು. ವಿದ್ಯಾರ್ಥಿಗಳಿಗೆ ಊಟವಸತಿಯನ್ನು ಕೊಟ್ಟು ತಕ್ಕ ಹಣವನ್ನು ತೆಗೆದುಕೊಂಡಳು. 1540ರಲ್ಲಿ ತನ್ನ ಅಣ್ಣನ ಕೈಯಿಂದ ಝೂಲ್ಸ್‌ಡೋರ್ಫ್ ಎಂಬ ಚಿಕ್ಕ ಜಮೀನನ್ನು ಗಂಡನಿಂದ ಕೊಳ್ಳಿಸಿ, ತಾನೇ ಹೋಗಿ ಉಳುಮೆಯನ್ನು ನೋಡಿಕೊಂಡಳು. ಆಕೆಯು ಬಿಗಿಮುಷ್ಟಿಯವಳು, ಗರ್ವಿಷ್ಠಳು ಎಂದು ದೂರಿದವರೂ ಉಂಟು. ಆದರೆ ಉದಾರಿಯಾದ ಗಂಡನ ಮನೆಯಲ್ಲಿ ಬಾಗಿಲು ಎಂದಿಗೂ ಮುಚ್ಚದಿರಬೇಕಾದರೆ, ಉಗ್ರಾಣದ ಬೀಗವು ಎಚ್ಚರವುಳ್ಳವರ ಸೊಂಟದಲ್ಲಿರಬೇಕಲ್ಲವೇ?

ಆ ಮನೆಯು ನಿಶ್ಶಬ್ದವಾಗಿತ್ತೆಂದು ಯಾರೂ ತಿಳಿಯಬಾರದು. ಆಕೆಯ ಸ್ವಂತ ಮಕ್ಕಳು ಆರು ಮಂದಿ. ಅವರಲ್ಲದೆ ಬಂಧುಗಳ ಅನಾಥ ಮಕ್ಕಳೂ, ಮಠದಿಂದ ಬಂದ ಅತ್ತೆ ಮಗ್ದಲೇನಳೂ, ವಿಧವೆಯರೂ, ವಿದ್ಯಾರ್ಥಿಗಳೂ, ಆಳುಗಳೂ ಅಲ್ಲಿ ವಾಸಮಾಡಿದರು. 1542ರಲ್ಲಿ ಒಬ್ಬ ಪ್ರಭುವು ಅಲ್ಲಿ ಇಳಿದುಕೊಳ್ಳಬೇಕೆಂದಿದ್ದಾಗ, ಆತನ ಹಿತಚಿಂತಕನೊಬ್ಬನು ಕಾಗದ ಬರೆದು, ಆ ಮನೆಯು ಹುಡುಗರು ಹುಡುಗಿಯರು ವಿಧವೆಯರು ಮುದುಕಿಯರಿಂದ ತುಂಬಿ ಗದ್ದಲವಾಗಿದೆ, ಅಲ್ಲಿ ತಂಗುವದು ಬೇಡವೆಂದು ಎಚ್ಚರಿಸಿದನು. ಹಾಗಾದರೆ ಅಲ್ಲಿ ಸಮಾಧಾನವಿರಲಿಲ್ಲವೋ? ಇತ್ತು. ಮನೆಯ ಸಮಾಧಾನವೆಂಬದು ಸದ್ದಿಲ್ಲದಿರುವದಲ್ಲ. ಒಬ್ಬೊಬ್ಬನಿಗೂ ತನ್ನ ಸ್ಥಳವಿರುವದೇ. ಮಕ್ಕಳಿಗೆ ಆಡುವ ಅಂಗಳ, ಮುದುಕಿಗೆ ಬೆಚ್ಚಗಿನ ಮೂಲೆ, ಓದುವವನಿಗೆ ಬೆಳಕು, ಬರೆಯುವ ಯಜಮಾನನಿಗೆ ಬಾಗಿಲು ಮುಚ್ಚಿಕೊಳ್ಳುವ ಕೋಣೆ, ಇವುಗಳನ್ನು ಗೊತ್ತುಮಾಡಿದರೆ ಜನ ಹೆಚ್ಚಾದರೂ ಕಳವಳವು ಹೆಚ್ಚುವದಿಲ್ಲ.

ಸುಖದ ದಿನಗಳಲ್ಲಿ ಮನೆಯು ಚೆನ್ನಾಗಿ ಕಾಣುವದು ಸುಲಭ. ಕಷ್ಟಕಾಲದಲ್ಲಿಯೇ ಅದರ ಪರೀಕ್ಷೆ. 1527ರಲ್ಲಿ ವಿಟೆನ್‌ಬೆರ್ಗಿಗೆ ಮಾರಿಬೇನೆ ಬಂತು. ವಿದ್ಯಾಪೀಠವು ಬೇರೆ ಊರಿಗೆ ಹೋಯಿತು. ಲೂಥರನೂ ಕಥರೀನಮ್ಮನೂ ಹೋಗಲಿಲ್ಲ. ಆಕೆಯು ಆಗ ಗರ್ಭಿಣಿ. ಆದರೂ ಅದೇ ಮನೆಯಲ್ಲಿ ರೋಗಿಗಳನ್ನು ಇಟ್ಟುಕೊಂಡು ಆರೈಕೆಮಾಡಿದಳು. ಅತಿಥಿಗಳಿಗಾಗಿ ಸಿದ್ಧವಾಗಿದ್ದ ಕೋಣೆಗಳು ಆಸ್ಪತ್ರೆಯಾದವು. ಡಿಸೆಂಬರ್ 10ರಂದು ಎಲಿಸಬೇತಳೆಂಬ ಮಗಳು ಹುಟ್ಟಿದಳು. ಮರುವರುಷ ಆಗಸ್ಟ್ ತಿಂಗಳಲ್ಲಿ ಆ ಕೂಸು ತೀರಿಹೋಯಿತು. ತರುವಾಯ 1542ರ ಸೆಪ್ಟೆಂಬರ್ 20ರಂದು ಹದಿಮೂರು ವರುಷದ ಮಗ್ದಲೇನಳು ತಂದೆಯ ತೋಳುಗಳಲ್ಲಿ ಪ್ರಾಣಬಿಟ್ಟಳು. ತಾಯಿಯು ಅದೇ ಕೋಣೆಯಲ್ಲಿದ್ದರೂ ದುಃಖದ ಭಾರದಿಂದ ಹಾಸಿಗೆಯ ಹತ್ತಿರಕ್ಕೆ ಹೋಗಲಾರದೆ ದೂರದಲ್ಲಿ ನಿಂತಿದ್ದಳು. ಎಷ್ಟು ಅಂದವಾಗಿ ಜೋಡಿಸಿದ ಮನೆಯಾದರೂ ಮರಣವನ್ನು ಬಾಗಿಲಲ್ಲಿ ತಡೆಯಲಾರದು. ಆದರೆ ಪ್ರಾರ್ಥನೆಯೂ ಹಾಡೂ ರೂಢಿಯಾಗಿದ್ದ ಮನೆಯಲ್ಲಿ ಮರಣವು ಬಂದಾಗ, ಉಳಿದವರು ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು ಪುನರುತ್ಥಾನದ ನಿರೀಕ್ಷೆಯಲ್ಲಿ ನಿಲ್ಲುವದಕ್ಕೆ ಒಂದು ಸ್ಥಳವಾದರೂ ಇರುತ್ತದೆ.

1546ರ ಫೆಬ್ರವರಿ 18ರಂದು ಲೂಥರನು ತಾನು ಹುಟ್ಟಿದ ಐಸ್‌ಲೇಬೆನ್ ಊರಲ್ಲಿ ತೀರಿಹೋದನು. ಆತನು 1542ರಲ್ಲಿ ಬರೆದ ಮರಣಶಾಸನದಲ್ಲಿ, ಆ ಸೀಮೆಯ ವಾಡಿಕೆಗೆ ವಿರೋಧವಾಗಿ, ತನ್ನದೆಲ್ಲವನ್ನೂ ಹೆಂಡತಿಗೇ ಬಿಟ್ಟು, ಮಕ್ಕಳ ಪೋಷಣೆಯನ್ನೂ ಆಕೆಗೇ ಒಪ್ಪಿಸಿದ್ದನು. ಅರಸನ ಮಂತ್ರಿಯು ಇದನ್ನು ಒಪ್ಪದೆ, ಆಕೆಯು ಆ ದೊಡ್ಡ ಮನೆಯನ್ನು ಬಿಟ್ಟು ಚಿಕ್ಕದಾಗಿ ಜೀವಿಸಲೆಂದೂ, ಗಂಡುಮಕ್ಕಳನ್ನು ಬೇರೆಯವರ ಬಳಿಗೆ ಕಳುಹಿಸಲೆಂದೂ ಹೇಳಿದನು. ಕಥರೀನಮ್ಮನು ಒಪ್ಪಲಿಲ್ಲ. ಅರಸನು ಮರಣಶಾಸನವನ್ನು ಸ್ಥಿರಪಡಿಸಿದನು. ಮನೆಯು ಉಳಿಯಿತು. ಆದರೆ ಅದೇ ವರುಷದಲ್ಲಿ ಯುದ್ಧವು ಎದ್ದಿತು. ಆಕೆಯು ಮಕ್ಕಳನ್ನು ಕರೆದುಕೊಂಡು ಮಾಗ್ದೆಬುರ್ಗಿಗೂ, ಮರುವರುಷ ಬ್ರೌನ್‌ಶ್ವೈಗಿಗೂ ಓಡಿಹೋಗಬೇಕಾಯಿತು. 1547ರಲ್ಲಿ ಹಿಂತಿರುಗಿದಾಗ ಜಮೀನುಗಳು ಹಾಳಾಗಿದ್ದವು, ದನಗಳು ಹೋಗಿದ್ದವು. ಮನೆಯು ಮಾತ್ರ ನಿಂತಿತ್ತು. ಆಕೆಗೆ ಆಗ 48 ವರುಷ. ಸಾಲಮಾಡಿ, ಡೆನ್ಮಾರ್ಕಿನ ಅರಸನ ಸಹಾಯವನ್ನು ಕೋರಿ, ಆಕೆಯು ಮತ್ತೆ ಕೋಣೆಗಳನ್ನು ಗುಡಿಸಿ, ವಿದ್ಯಾರ್ಥಿಗಳನ್ನು ಸೇರಿಸಿಕೊಂಡು, ಅದೇ ಮೇಜನ್ನು ಮತ್ತೆ ಹಾಕಿದಳು.

1552ರಲ್ಲಿ ಪುನಃ ಮಾರಿಬೇನೆ ಬಂದದರಿಂದ ಆಕೆಯು ಕಿರಿಯ ಮಕ್ಕಳೊಂದಿಗೆ ಟೋರ್ಗಾವ್ ಪಟ್ಟಣಕ್ಕೆ ಹೊರಟಳು. ದಾರಿಯಲ್ಲಿ ಕುದುರೆಗಳು ಬೆದರಿ ಬಂಡಿಯು ತಪ್ಪಿದಾಗ, ಆಕೆಯು ಕೆಳಕ್ಕೆ ಬಿದ್ದು ಬಹಳವಾಗಿ ನೊಂದಳು. ಕೆಲವು ತಿಂಗಳು ಹಾಸಿಗೆಯಲ್ಲಿದ್ದು ಡಿಸೆಂಬರ್ 20ರಂದು ಕರ್ತನಲ್ಲಿ ನಿದ್ರೆಹೋದಳು. ಟೋರ್ಗಾವಿನ ಸಂತ ಮರಿಯಳ ದೇವಾಲಯದಲ್ಲಿ ಆಕೆಯ ಸಮಾಧಿಯಿದೆ. ತನ್ನ ಮನೆಯಲ್ಲಿ ಅಷ್ಟು ಮಂದಿ ಪರದೇಶಿಗಳನ್ನು ಸೇರಿಸಿಕೊಂಡವಳು ತಾನು ಪರರ ಊರಲ್ಲಿ ಪ್ರಾಣಬಿಟ್ಟಳು. ಆದರೆ ನಿತ್ಯವಾದ ಮನೆಯು ಆಕೆಗಾಗಿ ಸಿದ್ಧವಾಗಿತ್ತೆಂದು ನಾವು ನಂಬುತ್ತೇವೆ.

ಕಥರೀನಮ್ಮನ ಮೇಜು ವಿಟೆನ್‌ಬೆರ್ಗಿನಲ್ಲಿಯೇ ನಿಂತುಹೋಗಲಿಲ್ಲ. ಆ ಮನೆಯಲ್ಲಿ ಉಂಡ ವಿದ್ಯಾರ್ಥಿಗಳು ಪಾದ್ರಿಗಳಾಗಿ ದೇಶದೇಶಗಳಿಗೆ ಹೋದಾಗ, ಪಾದ್ರಿಯ ಮನೆಯು ಹೇಗಿರಬೇಕೆಂಬದರ ನೆನಪನ್ನು ಸಹ ತೆಗೆದುಕೊಂಡು ಹೋದರು. ಜರ್ಮನ್ ನುಡಿಯ ನಾಡುಗಳಿಂದ ಹೊರಟ ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದಾಗ, ಅವರ ಹಿಂದೆಯೂ ಅಂಥ ಮನೆಗಳ ರೂಢಿಯಿತ್ತು. ಅವರು 1865ರಲ್ಲಿ ಅಲ್ಲಿ ತೊಡಗಿಸಿದ ಹೆಂಚಿನ ಕಾರ್ಖಾನೆಯ ಕೆಂಪು ಹೆಂಚು ನಮ್ಮ ನಾಡಿನ ಎಷ್ಟೋ ಮನೆಗಳನ್ನು ಮಳೆಯಿಂದಲೂ ಬೆಂಕಿಯಿಂದಲೂ ಕಾಯ್ದಿದೆ. ಆದರೆ ಹೆಂಚನ್ನು ಕೊಳ್ಳಬಹುದು. ಹೆಂಚಿನ ಕೆಳಗಣ ಸಮಾಧಾನವನ್ನು ಕೊಳ್ಳಲಾಗದು.

ಹೀಗಿರಲಾಗಿ, ಪ್ರಿಯರೇ, ನಮ್ಮ ಮನೆಗಳನ್ನು ನಾವು ಹೊಸ ಕಣ್ಣುಗಳಿಂದ ನೋಡೋಣ. ಮಾರ್ಥಳ ಕೆಲಸಕ್ಕೂ ಮರಿಯಳ ಧ್ಯಾನಕ್ಕೂ ಜಗಳವಿಲ್ಲ. ಬೇಥಾನ್ಯದ ಒಂದೇ ಮನೆಯಲ್ಲಿ ಅವರಿಬ್ಬರೂ ಇದ್ದರು, ಕರ್ತನು ಅಲ್ಲಿಗೆ ಸಂತೋಷದಿಂದ ಬರುತ್ತಿದ್ದನು. ಜಗಲಿಯನ್ನು ತೆರವುಮಾಡುವದಕ್ಕೆ ಹಣ ಬೇಕಾಗಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವದಕ್ಕೂ, ಹೊಗೆಯು ಹೋಗುವಂತೆ ಗೋಡೆಯ ಮೇಲ್ಭಾಗದಲ್ಲಿ ಬೆಳಕಿಂಡಿಯನ್ನು ತೆರೆಯುವದಕ್ಕೂ, ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸುವದಕ್ಕೂ, ಬಾಗಿಲ ಬಳಿ ಒಂದು ಹೂವಿನ ಗಿಡವನ್ನು ನೆಡುವದಕ್ಕೂ ಸಾಲಮಾಡಬೇಕಾಗಿಲ್ಲ. ಸಾಯಂಕಾಲದಲ್ಲಿ ದೀಪ ಹಚ್ಚಿದ ಮೇಲೆ ಮನೆಯವರೆಲ್ಲರೂ ಕೂಡಿ ಸತ್ಯವೇದವನ್ನು ಓದಿ ಹಾಡುವದಕ್ಕೆ ಒಂದು ಚಾಪೆಯಷ್ಟು ಶುಚಿಯಾದ ಸ್ಥಳವನ್ನು ಗೊತ್ತುಮಾಡಿರಿ. ಈ ಭಾರವನ್ನು ಹೆಂಗಸರ ಮೇಲೆ ಮಾತ್ರ ಹಾಕದೆ, ಗಂಡಸರೂ ಲೂಥರನ ಹಾಗೆ ಗುದ್ದಲಿಯನ್ನು ಹಿಡಿದು ತೋಟಕ್ಕಿಳಿಯಲಿ. ಆಗ ದಾರಿಹೋಕನು ನಮ್ಮ ಬಾಗಿಲಲ್ಲಿ ನಿಂತು, ಈ ಮನೆಯಲ್ಲಿ ಯಾರೋ ತನಗಾಗಿ ಮೊದಲೇ ಯೋಚಿಸಿದ್ದಾರೆಂದು ತಿಳಿದುಕೊಳ್ಳುವನು. ಅಂಥ ಮನೆಗಳನ್ನು ಕಟ್ಟುವ ಬುದ್ಧಿಯನ್ನೂ ಪ್ರೀತಿಯನ್ನೂ ಕರ್ತನು ನಮ್ಮ ಎಲ್ಲ ಸಭೆಗಳಿಗೂ ಅನುಗ್ರಹಿಸಲಿ.